ಹದಿನೇಳರ ದೀಪ

ಮತ್ತೆ ಹತ್ತಿತು, ಗೇಟಿನಲ್ಲಿ ಲಾರಿ ಹಾರನ್ ಹಾಕಿ ಇನ್ನೂ ಧೂಳು ಕೆಳಗಿಳಿದಿಲ್ಲ, ಆಗಲೇ ಹದಿನೇಳರ ದೀಪ, ದಾಳಿಂಬೆ ಕಾಳಿನಷ್ಟು, ಅಷ್ಟೇ ಕೆಂಪಗೆ, ಈ ಪಕ್ಕ ಹದಿನಾರು, ತೂಕದ ಮನೆಯದು, ಆರಿದೆ, ಆ ಪಕ್ಕ ಹದಿನೆಂಟು, ಅಡುಗೆಮನೆಯದು, ಆರಿದೆ, ನಡುವೆ ಇದೊಂದು — ಲೋಡಿಂಗ್ ಆಫೀಸು, ಅಲ್ಲಿ ಫೋನಿನ ಮುಂದೆ ಕೂರುವವಳು ಮಸ್ತೂರಾ, ನನ್ನ ಹೆಂಡತಿ. ದೀಪ ಹತ್ತಿತು ಅಂದರೆ ರಿಸೀವರ್ ಎತ್ತಿದ್ದಾರೆ, ಕಾರ್ಖಾನೆಯ ಫೋನುಗಳನ್ನೆಲ್ಲ ಜೋಡಿಸುವ, ನಾನು ನೋಡಿಕೊಳ್ಳುವ ಈ ಹಳೆಯ ಎಕ್ಸ್‌ಚೇಂಜಿಗೆ ಅದೊಂದೇ ಅರ್ಥ ಗೊತ್ತು, ಎತ್ತಿದವರು ನಂಬರ್ ತಿರುಗಿಸಿದರೆ ರಿಲೇಗಳು ಟಕಟಕ ಎನ್ನಬೇಕು, ಎನ್ನಲಿಲ್ಲ, ಆ ಕಡೆ ಮಾತಾಡುವವರದೂ ಒಂದು ದೀಪ ಹತ್ತಬೇಕು, ಹತ್ತಿಲ್ಲ, ಹೊರಗಿನ ಲೈನುಗಳೂ ಖಾಲಿ ಬಿದ್ದಿವೆ. ರಯಿಸ್‌ಗೆ ಇದೆಲ್ಲ ಬೇಡ, ಹಣ್ಣು ಒಣಗಿಸುವ ಈ ಕಾರ್ಖಾನೆಯ ಯಜಮಾನರು, ಅವರ ಕಿವಿಗೆ ಬೀಳುವುದು ಎಂಗೇಜ್ ಶಬ್ದ ಒಂದೇ, ನಿನ್ನ ಹೆಂಡ್ತಿಗೆ ಫೋನಲ್ಲಿ ಹರಟೋದು ಬಿಟ್ಟು ಬೇರೆ ಕೆಲಸ ಇಲ್ವೇನಯ್ಯ ತೋಲಿಬ್. ಹರಟುತ್ತಿಲ್ಲ ಎಂದು ನನಗೆ ಗೊತ್ತು, ಅದೇ ಕಷ್ಟ, ಹರಟಿದ್ದರೆ ಇನ್ನೊಂದು ದೀಪ ಇರುತ್ತಿತ್ತು, ನಾನೂ ಬೈದು ಸುಮ್ಮನಾಗುತ್ತಿದ್ದೆ — ಯಾರ ಜೊತೆಗೂ ಮಾತಾಡದೆ ರಿಸೀವರ್ ಎತ್ತಿ ಮೇಜಿನ ಮೇಲೆ ಮಲಗಿಸುವುದು ಯಾಕೆ, ಹೊರಗಿನವರು ಯಾರೂ ನಡುವೆ ಬರಬಾರದು ಅಂತ, ಅದೂ ಲಾರಿ ಬಂದಾಗಲೇ ಯಾಕೆ. ಎಲ್ಲ ಲಾರಿಗೂ ಹತ್ತುತ್ತದೆ, ಕನಿಬೋದಮ್ ಕಡೆಯ ಮುದುಕ ಬಂದಾಗಲೂ ಹತ್ತಿತ್ತು, ಇಬ್ಬರು ಅಣ್ಣತಮ್ಮಂದಿರು ಬಂದಾಗಲೂ ಹತ್ತಿತ್ತು, ಆದರೆ ಕಣ್ಣ ಮುಂದೆ ಬಂದು ನಿಲ್ಲುವುದು ಖುಜಂದಿನ ಡ್ರೈವರ್ ಸಿರೊಜ್ ಒಬ್ಬನೇ, ನಕ್ಕರೆ ಎರಡು ಚಿನ್ನದ ಹಲ್ಲು, ನಗದೆ ಇರುವುದೂ ಅವನಿಗೆ ಬರುವುದಿಲ್ಲ.

ನಿಲ್ಲು, ಯಂತ್ರದಿಂದ ಶುರುಮಾಡು. ಹದಿನೇಳರ ರಿಲೇ ಬಿಚ್ಚಿ ಹದಿನೆಂಟಕ್ಕೆ ಹಾಕಿದೆ, ಅದರದನ್ನು ಇದಕ್ಕೆ, ರೋಗ ರಿಲೇಯ ಹಿಂದೆ ಹೋಗಲಿಲ್ಲ, ಹದಿನೇಳರಲ್ಲೇ ಕೂತಿತು. ದೀಪ ಹತ್ತಿರುವಾಗ ಹೊರಗೆ ಹೋಗುವ ಜೋಡಿ ತಂತಿಯನ್ನು ಕಳಚಿದೆ, ದೀಪ ಆರಿತು, ಅಂದರೆ ತಪ್ಪು ಈ ಕೋಣೆಯಲ್ಲಿಲ್ಲ, ಅಂಗಳದ ಆಚೆ ಇದೆ. ಹೋದೆ, ಲಾರಿ ಹೋದ ಮೇಲೆ ಹೋದೆ, ಯಾವಾಗಲೂ ಲಾರಿ ಹೋದ ಮೇಲೆಯೇ — ಡ್ರೈವರುಗಳು ಕೂತಿರುವಾಗ ಹೆಂಡತಿಯ ಬಾಗಿಲಿಗೆ ಏದುಸಿರು ಬಿಡುತ್ತಾ ಬಂದು ನಿಂತ ಗಂಡ ಎಂದು ಸುದ್ದಿಯಾದರೆ ಮೊಹಲ್ಲಾದಲ್ಲಿ ತಲೆಯೆತ್ತಿ ನಡೆಯುವುದು ಹೇಗೆ — ಫೋನ್ ಬದಲಿಸಿದೆ, ಗೋಡೆಯ ಮೇಲಿನ ತಂತಿ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದೆ, ನವ್ರೂಜ್ ಹಬ್ಬಕ್ಕೆ ಬಳಿದ ಸುಣ್ಣದ ಪುಡಿ ಬಿಟ್ಟರೆ ಏನಿಲ್ಲ, ತಿರುಪುಗಳು ಬಿಗಿ, ಎಲ್ಲ ಒಣಒಣ, ಸೋರಿಕೆ ನೋಡಲು ಮೀಟರ್ ಹಾಕಿದರೆ ಮುಳ್ಳು ಮಿಸುಕುವುದಿಲ್ಲ, ಹೊಸ ತಂತಿಗೂ ಇಂಥ ಯೋಗ್ಯತೆ ಇರುವುದಿಲ್ಲ. ಮೂಲೆಯಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಿದ್ದ ಓಯ್ದಿನ್ ಅಪಾ, ನಮಗೆಲ್ಲ ಅಕ್ಕ, ರಿಪೇರಿಯವರನ್ನು ಊರೆಲ್ಲ ಕರೆಯುವ ಹಾಗೆ, ಏನ್ ಉಸ್ತೋ, ಫೋನ್ ನೋಡೋಕ್ ಬಂದ್ಯೋ ಹೆಂಡ್ತೀನ ನೋಡೋಕೋ, ಮನೇಲಿ ಕಾಣಿಸಲ್ವಾ ಇವಳು ನಿನಗೆ. ಮಸ್ತೂರಾ ತಲೆ ಎತ್ತಲಿಲ್ಲ, ಮಗಳ ಹೆಸರು ಹಿಡಿದೇ ಅವಳು ನನ್ನನ್ನು ಕರೆಯುವುದು, ನಿಗೊರಾನ ಅಪ್ಪ, ಬೇಗ ಮುಗ್ಸಿ, ಇನ್ನೊಂದು ಲಾರಿ ಬರೋದಿದೆ. ಒಂದು ಪಿಯಾಲೆ ಟೀ ಆದ್ರೂ ಕೊಡೇ ಪಾಪ. ಮನೇಲಿ ಕುಡೀತಾರೆ ಬಿಡಿ ಅಪಾ, ಇವರೇನು ನೆಂಟರಾ. ಹೌದು, ಗಂಡನಿಗೆಂದು ಯಾರು ಸಮೋವರ್ ಹಚ್ಚಿ ಟೀ ನೀರು ಕಾಯಿಸುತ್ತಾರೆ, ನಾನು ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡು ಬಂದೆ, ಬಂದು ನೋಡಿದರೆ ದೀಪ ಆರಿಯೇ ಇತ್ತು, ಸಂಜೆ ಲಾರಿ ಬಂತು, ಹತ್ತಿತು. ಒಂದು ದಾರಿ ಇದೆ, ಈ ಕುರ್ಚಿಯಿಂದ ಏಳುವುದೂ ಬೇಡ, ಟೆಸ್ಟ್ ಫೋನಿನ ಎರಡು ಕ್ಲಿಪ್ಪುಗಳನ್ನು ಹದಿನೇಳರ ತಂತಿಗೆ ಕಚ್ಚಿಸಿದರೆ ಸಾಕು, ಮೇಜಿನ ಮೇಲೆ ಮಲಗಿದ ರಿಸೀವರ್ ಆ ಕೋಣೆಯ ಮಾತನ್ನೆಲ್ಲ ತಂದು ಕಿವಿಗೆ ಹಾಕುತ್ತದೆ, ಕೆಲಸ ಕಲಿಸಿದ ಮುದುಕ ಹೇಳುತ್ತಿದ್ದ, ಪರರ ಲೈನಿಗೆ ಕಿವಿ ಇಟ್ಟವನು ಪರರ ತಟ್ಟೆಗೆ ಕೈ ಹಾಕಿದವನು ಕಣೋ, ನಾನು ಇಟ್ಟಿಲ್ಲ, ಇಷ್ಟು ವರ್ಷದಲ್ಲಿ ಒಮ್ಮೆಯೂ ಇಲ್ಲ, ಈಗಲೂ ಇಟ್ಟಿಲ್ಲ, ಅದು ಮರ್ಯಾದೆಯೋ ಹೆದರಿಕೆಯೋ ಎಂದು ಕೇಳಬೇಡ.

ಕಳೆದ ವಾರದ ಹಸಿ ಜರ್ದಾಳಿನ ಲೋಡು, ಮೇಲಿನ ಒಣಗುಕಟ್ಟೆ ತುಂಬಿದೆ, ಕೆಳಗಿನದಕ್ಕೆ ಕಳಿಸು ಎಂದು ಹೇಳಲು ರಯಿಸ್ ಬೆಳಗಿನಿಂದ ತಿರುಗಿಸಿದರಂತೆ, ಎಂಗೇಜು, ಎಂಗೇಜು, ಹಣ್ಣು ಬಿಸಿಲಲ್ಲಿ ನಿಂತು ಪೆಟ್ಟಿಗೆಯಲ್ಲೇ ಹುಳಿಯೆದ್ದು ಗೇಟಿನ ತನಕ ಹೆಂಡದಂಗಡಿಯ ವಾಸನೆ. ನಿನ್ನೆ ಕರೆದರು, ಮುಖ್ಯ ಎಂಜಿನಿಯರ್ ಹಕ್‌ನಜರ್ ಅಮಕ್, ಎಲ್ಲರಿಗೂ ಚಿಕ್ಕಪ್ಪ, ಪಕ್ಕದಲ್ಲೇ ಇದ್ದರು, ಹೇಳಯ್ಯ, ಯಂತ್ರ ಸರಿ ಇದೆಯಾ. ಇದೆ ಎಂದೆ. ಸುಳ್ಳಲ್ಲ, ಅಳೆದದ್ದನ್ನು ಹೇಳಿದೆ. ಯಂತ್ರ ಸರಿ ಇದ್ರೆ ಹೆಂಗಸು ಸರಿ ಇಲ್ಲ, ರಯಿಸ್ ಅಂದರು, ನಾಳೆ ಮಧ್ಯಾಹ್ನದ ಊಟದವರೆಗೂ ನೋಡ್ತೀನಿ, ಆಮೇಲೆ ಬೀಜ ಬಿಡಿಸೋ ಸಾಲಲ್ಲಿ ಹೋಗಿ ಕೂರ್ಲಿ. ಆ ಸಾಲಿನಲ್ಲಿ ಕೂತವರ ಉಗುರು ಚಳಿಗಾಲದವರೆಗೂ ಕಪ್ಪಗಿರುತ್ತದೆ, ಅದಲ್ಲ, ಯಾಕೆ ಕೂರಿಸಿದರು ಎನ್ನುವುದು ಇಡೀ ಇಸ್ಫರಾ ಊರಿಗೆ ಗೊತ್ತಿರುತ್ತದೆ. ಜೀವಮಾನವೆಲ್ಲ ಯಂತ್ರ ಸರಿ ಇರಲಪ್ಪಾ ದೇವರೇ ಎಂದು ಬೇಡಿದವನು, ಈಗ ಒಂದು ತಂತಿಯಾದರೂ ತುಂಡಾಗಿರಲಿ ಎಂದು ಬೇಡುತ್ತಿದ್ದೇನೆ, ಯುದ್ಧ ಮುಗಿದಾಗಿನಿಂದ ಬಿಡಿಭಾಗವೇ ಬಾರದೆ ಕೆಮ್ಮುತ್ತಾ ನಡೆಯುವ ದರಿದ್ರ ಯಂತ್ರ, ಕೆಡು ಎಂದಾಗ ಕೆಡುವುದಿಲ್ಲ — ಆರಿತು, ಲಾರಿ ಹೊರಟಿರಬೇಕು, ಬಾಗಿಲಲ್ಲಿ ಕೆಮ್ಮು, ಹಕ್‌ನಜರ್ ಅಮಕ್. ಏಳಯ್ಯ, ದೀಪ ನೋಡ್ತಾ ಕೂತ್ರೆ ಮೊಟ್ಟೆ ಇಡುತ್ತಾ ಅದು, ಬಾ, ನಾನೂ ಒಂದ್ಸಲ ನೋಡ್ತೀನಿ.

ಅಮಕ್ ಹೊಸಿಲು ದಾಟಿದರೋ ಇಲ್ಲವೋ ಮಸ್ತೂರಾ ಎದ್ದು ನಿಂತಳು, ಬನ್ನಿ ಅಮಕ್, ಕೂತ್ಕೊಳ್ಳಿ, ಕೈ ಆಗಲೇ ಸಮೋವರಿನ ಪ್ಲಗ್ಗಿಗೆ ಹೋಗಿದೆ, ಓಯ್ದಿನ್ ಅಪಾ ನಾನ್ ರೊಟ್ಟಿ ಮುರಿದು ಬಟ್ಟೆಯ ಮೇಲೆ ಹರಡುತ್ತಿದ್ದಾರೆ. ನಾನು ಫೋನ್ ಎತ್ತಿದೆ, ಡಯಲ್ ಟೋನ್ ಗಂಟೆಯ ಹಾಗಿದೆ, ಇಟ್ಟೆ. ನೋಡಿದ್ರಾ ಅಮಕ್, ಸರಿ ಇದೆ. ಇದೆಯಪ್ಪ, ಸರಿ ಇದೆ, ರಿಸೀವರ್ ಪಕ್ಕಕ್ಕೆ ಇಡೋ ಅಭ್ಯಾಸ ಏನಾದ್ರೂ ಇದೆಯೇನಮ್ಮ. ನಾನ್ಯಾಕೆ ಇಡ್ಲಿ ಅಮಕ್, ಅದು ಬಡ್ಕೊಂಡ್ರೆ ತಾನೇ ನನ್ನ ಕೆಲಸ. ನಾನು ಗೋಡೆಗೆ ಒರಗಿ ನಿಂತೆ, ಸಮೋವರ್ ಗುನುಗಿತು, ಕುದಿಯಿತು, ಹಬೆ ನೇರವಾಗಿ ಮೇಲೆದ್ದಿತು, ಗೋಡೆ ಸವರಿಕೊಂಡು, ಮೇಲೆ, ಅಲ್ಲಿ ನನ್ನ ತಂತಿ ಪೆಟ್ಟಿಗೆ — ಹತ್ತಿರ ಹೋದೆ, ಬೆವರಿದ ಸುಣ್ಣ, ಮುಚ್ಚಳದ ಬಿರುಕು. ಎತ್ತಿದೆ. ರಿಸೀವರಿನಲ್ಲಿ ಟೋನಿಲ್ಲ, ಬರೀ ಸರಸರ. ನಾನು ಎತ್ತುವವರೆಗೆ ಅದನ್ನು ಯಾರೂ ಮುಟ್ಟಿರಲಿಲ್ಲ, ನನ್ನ ಕಣ್ಣೆದುರೇ ಅದರ ಜಾಗದಲ್ಲಿ ಮಲಗಿತ್ತು. ಸುಣ್ಣಕ್ಕೆ ನೀರು ತಾಗಿದರೆ ಎರಡು ತಂತಿಯ ನಡುವೆ ಸೇತುವೆ, ಎಕ್ಸ್‌ಚೇಂಜಿಗೆ ಅದು ಎತ್ತಿದ ರಿಸೀವರು. ಕಿಟಕಿ ಪಕ್ಕ ಇತ್ತಲ್ಲ ಸಮೋವರು, ಎಂದೆ. ಸುಣ್ಣ ಹೊಡೆಯೋವಾಗ ಈ ಕಡೆ ತಂದ್ವಿ ಉಸ್ತೋ, ಇಲ್ಲೇ ಚೆನ್ನಾಗಿದೆ ಅಂತ ಬಿಟ್ವಿ, ಓಯ್ದಿನ್ ಅಪಾ ಅಂದರು. ಡ್ರೈವರು ಬಂದರೆ ಹಚ್ಚುತ್ತಾರೆ, ಎಂಜಿನಿಯರ್ ಬಂದರೆ ಹಚ್ಚುತ್ತಾರೆ, ನನಗೆ ಹಚ್ಚುವುದಿಲ್ಲ, ಆದ್ದರಿಂದ ನಾನು ಬಂದಾಗಲೆಲ್ಲ ಒಣಒಣ. ಓಯ್ದಿನ್ ಅಪಾ ನಗುನಗುತ್ತಾ ತಲೆವಸ್ತ್ರದ ತುದಿಯಲ್ಲಿ ಕಣ್ಣೊರೆಸಿಕೊಂಡರು, ಹೆಂಡ್ತಿ ಕೈಯಲ್ಲಿ ಒಂದು ಪಿಯಾಲೆ ಟೀ ಕುಡಿದಿದ್ರೆ ಮೊದಲ ದಿನವೇ ಗೊತ್ತಾಗ್ತಿತ್ತಲ್ಲೋ. ಅಮಕ್ ತೊಡೆ ತಟ್ಟಿ ನಕ್ಕರು, ಕೆಟ್ಟ ಮನಸ್ಸಿನವರಲ್ಲ ಅವರು, ನಿನ್ನ ಗಂಡನ್ನ ನೋಡಮ್ಮ, ನಿನ್ನೆ ರಯಿಸ್ ಮುಂದೆ ನಿಂತ್ಕೊಂಡು ಹೇಳ್ತಾನೆ, ಯಂತ್ರದಲ್ಲಿ ಏನೂ ತಪ್ಪಿಲ್ಲ, ಎಲ್ಲ ಸರಿ ಇದೆ ಅಂತ. ನಾನೂ ನಗಬೇಕೆಂದು ಬಾಯಿ ತೆರೆದೆ. ಮಸ್ತೂರಾಳ ಕೈ ನಿಂತಿತು. ಯಂತ್ರ ಸರಿ ಇದೆ ಅಂದ್ರಾ. ಅಷ್ಟೇ, ಜೋರಾಗಿಯೂ ಅಲ್ಲ. ರಯಿಸ್ ಅವಳಿಗೆ ಏನೆಂದಿದ್ದರು ಎನ್ನುವುದು ನನಗೆ ಗೊತ್ತಿತ್ತು, ತಪ್ಪು ಯಂತ್ರದ್ದು ಇಲ್ಲವೇ ನಿನ್ನದು, ಮೂರನೆಯದಿಲ್ಲ, ಆ ಎರಡರಲ್ಲಿ ನಾನು ಒಂದನ್ನು ಆರಿಸಿ ಕೊಟ್ಟು ಮನೆಗೆ ಹೋಗಿ ಅವಳು ಬಡಿಸಿದ್ದನ್ನು ಉಂಡಿದ್ದೆ. ಅಮಕ್‌ಗೆ ಅರ್ಧ ಪಿಯಾಲೆ ಬಗ್ಗಿಸಿದಳು, ನೆಂಟರಿಗೆ ಅರ್ಧವೇ, ಮತ್ತೆ ಮತ್ತೆ ಬಗ್ಗಿಸಬೇಕು, ಕೂತಿರಲಿ ಎನ್ನುವ ಆಸೆ ಇದ್ದವರಿಗೆ ಅರ್ಧ. ನನಗೆ ಅಂಚಿನವರೆಗೆ ತುಂಬಿದಳು, ಇನ್ನೊಂದು ಹನಿ ಹಿಡಿಯದಷ್ಟು, ಅಂಥ ಪಿಯಾಲೆ ಏನು ಹೇಳುತ್ತದೆ ಎನ್ನುವುದು ಇಲ್ಲಿನ ಎಳೆಮಗುವಿಗೂ ಗೊತ್ತು, ಕುಡಿ, ಎದ್ದು ನಡೆ. ಎಡಗೈ ಎದೆಯ ಮೇಲಿಟ್ಟು ಬಲಗೈಯಲ್ಲಿ ಮುಂದೆ ಹಿಡಿದಳು, ಪರರಿಗೆ ಕೊಡುವ ಹಾಗೆ. ತಗೊಳ್ಳಿ ಉಸ್ತೋ. ನಿಗೊರಾನ ಅಪ್ಪ ಎನ್ನಲಿಲ್ಲ. ಬೆರಳು ಸುಟ್ಟಿತು, ಕುಡಿದೆ.

ಸಮೋವರನ್ನು ಕಿಟಕಿಗೆ ಸರಿಸಿದೆ, ಸುಣ್ಣ ಕೆರೆದೆ, ಸ್ಪಿರಿಟ್ ಹಾಕಿ ಒರೆಸಿದೆ, ಹೊಸ ಮುಚ್ಚಳ, ರಯಿಸ್ ಫೋನ್ ಮಾಡಿ ಭೇಷ್ ಎಂದರು, ನಿನ್ನ ಹೆಂಡ್ತಿ ಅಲ್ಲೇ ಇರ್ಲಿ ಎಂದರು, ಎಲ್ಲ ಮುಗಿಯಿತು, ಗೇಟಿನಲ್ಲಿ ಹಾರನ್, ಅಲ್ಲಿ ಈಗ ಸಮೋವರ್ ಕುದಿಯುತ್ತಿರಬೇಕು, ದೀಪ ಹತ್ತಲಿಲ್ಲ, ಕೆಲಸ ಅಂದರೆ ಇದು. ಲೈನ್ ನೋಡಬೇಕಲ್ಲ, ನೋಡುವುದು ನನ್ನ ಕರ್ತವ್ಯ, ಹದಿನೇಳು ತಿರುಗಿಸಿದೆ, ಟಕಟಕ, ರಿಂಗ್ ಹೋಯಿತು, ಹತ್ತಿತು. ಲೋಡಿಂಗ್ ಆಫೀಸ್, ಹೇಳಿ. ಎಷ್ಟು ಸ್ವಚ್ಛ, ಕಿವಿಯ ಪಕ್ಕದಲ್ಲೇ ಉಸಿರಾಡಿದ ಹಾಗೆ, ಹಿಂದೆ ಓಯ್ದಿನ್ ಅಪಾ ಯಾರನ್ನೋ ಗದರಿಸುತ್ತಿದ್ದಾರೆ. ನಾನು, ಲೈನ್ ನೋಡೋಕೆ ಮಾಡ್ದೆ. ಸರಿ ಇದೆಯಾ. ಸರಿ ಇದೆ. ಮಸ್ತೂರಾ, ನಾನು ಏನು ಹೇಳ್ದೆ ಅಂದ್ರೆ, ಅಳೆದು ನೋಡಿದ್ದನ್ನ. ಯಂತ್ರ ಸರಿ ಇದೆ ಅಲ್ವಾ, ಸಾಕು ಬಿಡಿ. ಇಟ್ಟಳು. ಆರಿತು. ಅವಳಾಗಿ ಒಮ್ಮೆ ತಿರುಗಿಸಬಹುದು, ನನ್ನ ನಂಬರ್ ಅವಳಿಗೆ ಬಾಯಿಪಾಠ, ಸಂಜೆಗೆ ನಾನ್ ರೊಟ್ಟಿ ತರಬೇಕೋ ಬೇಡವೋ ಎಂದಾದರೂ ಕೇಳಬಹುದು, ದಿನಾ ಕೇಳುತ್ತಾಳೆ, ತೂಕದ ಮನೆ ಹತ್ತಿತು, ಆರಿತು, ಅಡುಗೆಮನೆ ಹತ್ತಿತು, ಇನ್ನೊಂದು ಲಾರಿ, ನಡುವೆ ಹದಿನೇಳು, ಆರಿದೆ, ಬಲ್ಬು ಹೋಗಿರಬಹುದೇ, ಬಿಚ್ಚಿ ನೋಡಿದೆ, ಹೋಗಿಲ್ಲ, ತಿರುಗಿಸಿ ಹಾಕಿದೆ, ಹದಿನೇಳು ಆರಿದೆ, ಹದಿನೇಳು —