ಯಾರ ಕಡೆಯ ಬೆನ್ನು

ಅಲ್ವಿನ್‌ಗೆ ಮೊದಲು ಅನುಮಾನ ಬಂದದ್ದು ಮಗ ಟ್ರಕ್ಕಿನಿಂದ ಇಳಿದ ರೀತಿ ನೋಡಿ. ಬೇಸಿಗೆ ಮುಗಿಯುತ್ತ ಬಂದಿತ್ತು. ಬೆಳಗಿನ ಇಳಿತದ ಹೊತ್ತಿಗೆ ಉತ್ತರದ ಮರಳದಂಡೆಯಲ್ಲಿ ಕಪ್ಪೆಚಿಪ್ಪು ಅಗೆದು ಟೈರೆಲ್ ಆಗಷ್ಟೇ ಮನೆಗೆ ಬಂದಿದ್ದ. ಇಪ್ಪತ್ತೊಂದರ ಹುಡುಗ, ಊರಿನ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಎಲ್ಲರಿಗಿಂತ ಎತ್ತರಕ್ಕೆ ಹಾರುವವನು. ಅವತ್ತು ಎರಡೂ ಕೈಯಲ್ಲಿ ಬಾಗಿಲು ಹಿಡಿದು, ಒಂದೊಂದೇ ಕಾಲು ನೆಲಕ್ಕಿಟ್ಟು, ಸ್ವಲ್ಪ ಹೊತ್ತು ಹಾಗೇ ನಿಂತ. ಹಿಂದಿನಿಂದ ತಾಯಿ ಡೆಲ್ಮಾ ಕರೆದಳು. ಅವನು ಕತ್ತು ತಿರುಗಿಸಲಿಲ್ಲ, ಇಡೀ ಮೈ ತಿರುಗಿಸಿದ.

"ಬೆನ್ನು ನೋವೇನೋ?" ಎಂದ ಅಲ್ವಿನ್.

"ಅಗೆದದ್ದು ಜಾಸ್ತಿ ಆಯ್ತು, ಅಷ್ಟೆ."

"ಬೆಳಗ್ಗೆ ಏಳುವಾಗ ಹೇಗಿರತ್ತೆ?"

"ಬಿಡಪ್ಪ, ಎಲ್ಲರಿಗೂ ಇರತ್ತೆ." ಹುಡುಗ ಬಕೆಟ್ಟು ಎತ್ತಿಕೊಂಡು ಒಳಗೆ ಹೋದ.

ಎಲ್ಲರಿಗೂ ಇರುವುದಿಲ್ಲ ಎಂಬುದು ಅಲ್ವಿನ್‌ಗೆ ಗೊತ್ತಿತ್ತು. ಅವನ ಬೆನ್ನೂ ಇದೇ ವಯಸ್ಸಿನಲ್ಲಿ ಬಿಗಿಯತೊಡಗಿತ್ತು. ಮೂಳೆಗೆ ಮೂಳೆ ಬೆಸೆದುಕೊಳ್ಳುತ್ತ ಹೋಗಿ, ನಲವತ್ತಕ್ಕೆಲ್ಲ ಮೈ ಕುಡುಗೋಲಿನ ಹಾಗೆ ಮುಂದಕ್ಕೆ ಬಾಗಿ ನಿಂತುಬಿಟ್ಟಿತು. ಹ್ಯಾಲಿಬಟ್ ಮೀನು ಹಿಡಿಯುವ ದೋಣಿಯ ಕೆಲಸ ಹೋಯಿತು. ಈಗ ಊರಿನ ಆಟದ ಹಾಲ್‌ನ ಬೀಗ ತೆಗೆದು, ಗುಡಿಸಿ, ಮತ್ತೆ ಬೀಗ ಹಾಕುವ ಕೆಲಸ. ಪಂದ್ಯವಿದ್ದಾಗ ಕಷ್ಟಪಟ್ಟು ಎಲ್ಲಕ್ಕಿಂತ ಮೇಲಿನ ಸಾಲಿಗೆ ಹತ್ತಿ ಕೂರುತ್ತಿದ್ದ. ಕೆಳಗೆ ಕೂತರೆ ಅವನಿಗೆ ಕಾಣುವುದು ಆಟಗಾರರ ಬೂಟು ಮಾತ್ರ. ಮೇಲಿನಿಂದಾದರೆ ಮಗ ಹಾರುವುದು ಕಾಣುತ್ತಿತ್ತು.

ಈ ದ್ವೀಪದ ಮೂಲನಿವಾಸಿಗಳಾದ ಹೈಡಾ ಜನರದ್ದು ಅಳಿಯಸಂತಾನ. ಅಲ್ವಿನ್ ಹದ್ದಿನ ಬಳಿಯವನು, ಅಂದರೆ ಹದ್ದಿನ ಕುಲದವನು; ಹೆಂಡತಿ ಕಾಗೆಯ ಬಳಿ. ಟೈರೆಲ್ ತಾಯಿಯ ಬಳಿಗೆ ಸೇರಿದವನು. ಹೆಸರು, ಹಾಡು, ಲಾಂಛನ ಎಲ್ಲ ಅವನಿಗೆ ಬರುವುದು ಸೋದರಮಾವ ಪರ್ಸಿಯಿಂದ. ಬೈದು ತಿದ್ದುವ ಹಕ್ಕೂ ಪರ್ಸಿಯದೇ. ಮಗನಿಗೆ ತನ್ನಿಂದ ಹೋದದ್ದು ಇದೊಂದು ಬೆನ್ನೇ ಇರಬೇಕು ಎಂದು ಅಲ್ವಿನ್‌ಗೆ ಆ ದಿನದಿಂದ ಅನ್ನಿಸತೊಡಗಿತು. ಹಾಗಾಗದಿರಲಿ ಎಂದುಕೊಂಡು ಯಾರಿಗೂ ಹೇಳಲಿಲ್ಲ.

ಚಳಿ ಹಿಡಿಯುತ್ತಿದ್ದಂತೆ ಹುಡುಗ ಏಳುವುದು ತಡವಾಯಿತು. ಒಂದು ಬೆಳಗ್ಗೆ ಪರ್ಸಿ ಅಡುಗೆಮನೆಗೆ ನುಗ್ಗಿದ. ಅರವತ್ತು ದಾಟಿದ್ದರೂ ದೇವದಾರಿನ ಹಾಗೆ ನೆಟ್ಟಗಿದ್ದ ಮನುಷ್ಯ.

"ಎಲ್ಲಿ ನಮ್ಮ ಮಹಾರಾಜ? ಹೊತ್ತೇರೋವರೆಗೆ ಬಿದ್ಕೊಂಡ್ರೆ ಬೆನ್ನು ಕಲ್ಲಾಗದೆ ಇನ್ನೇನಾಗತ್ತೆ? ಏಳೋ! ನಮ್ಮ ಮಾವ ನನ್ನನ್ನ ಇಳಿಸಿದ ಹಾಗೆ ನಿನ್ನನ್ನೂ ಸಮುದ್ರಕ್ಕೆ ಇಳಿಸ್ತೀನಿ."

ಇಳಿಸಿಯೇ ಇಳಿಸಿದ. ಹಿಮಗಟ್ಟುವ ನೀರಿನಲ್ಲಿ ಎದೆಯವರೆಗೆ ನಿಂತು ಬಂದ ಹುಡುಗ, ಮನೆ ಮೆಟ್ಟಿಲ ಮೇಲೆ ಕೂತು ಕಾಲ್ಚೀಲ ಹಾಕಿಕೊಳ್ಳಲು ಬಗ್ಗಿದ, ಆಗಲಿಲ್ಲ. ಮತ್ತೆ ಬಗ್ಗಿದ. ಕೊನೆಗೆ ಕಾಲ್ಚೀಲ ಜೇಬಿಗೆ ತುರುಕಿ, ಬರಿಗಾಲನ್ನೇ ಬೂಟಿಗೆ ತೂರಿಸಿದ.

ಕಿಟಕಿಯಿಂದ ನೋಡುತ್ತಿದ್ದ ಅಲ್ವಿನ್‌ಗೆ ತಡೆಯಲಾಗಲಿಲ್ಲ. "ಭಾವ, ಅವನದು ಸೋಮಾರಿತನ ಅಲ್ಲ."

"ಮತ್ತೇನು? ನಿನ್ನದೇ ಬಂದಿದೆ ಅಂತೀಯಾ? ಅಪಶಕುನ ನುಡೀಬೇಡ. ನಮ್ಮ ಬಳೀಲಿ ಬಗ್ಗಿದವರು ಒಬ್ಬರೂ ಇಲ್ಲ."

ಪರ್ಸಿಯ ಮಾತೇ ನಿಜವಾಗಲಿ ಎಂದು ಅಲ್ವಿನ್‌ಗೂ ಇತ್ತು.

ಫೆಬ್ರವರಿಯಲ್ಲಿ ಜಲಸಂಧಿಯಾಚೆ ಪ್ರಿನ್ಸ್ ರೂಪರ್ಟ್ ಪಟ್ಟಣದಲ್ಲಿ ದೊಡ್ಡ ಪಂದ್ಯಾವಳಿ. ತಂಡ ಹೊರಡುವುದಕ್ಕೆ ಕೆಲವೇ ದಿನಗಳಿರುವಾಗ ಟೈರೆಲ್‌ನ ಎಡಗಣ್ಣು ಕೆಂಡದ ಹಾಗೆ ಕೆಂಪಾಯಿತು. ಕಂಬಳಿ ಮುಸುಕಿಕೊಂಡು ಗೋಡೆ ಕಡೆ ಮುಖ ಮಾಡಿ ಮಲಗಿದ. "ಲೈಟ್ ಆರಿಸಮ್ಮ, ಚುಚ್ಚತ್ತೆ" ಎಂದ. ಬೆನ್ನಿನ ಕಾಯಿಲೆ ಕಣ್ಣಿಗೂ ಇಳಿಯುತ್ತದೆ ಎನ್ನುವುದು ಅಲ್ವಿನ್‌ಗೆ ಗೊತ್ತಿತ್ತು. ಅವನಿಗೂ ಇಳಿದಿತ್ತು. ಇನ್ನು ಅನುಮಾನಕ್ಕೆ ಜಾಗ ಉಳಿಯಲಿಲ್ಲ.

ಊರಿನ ನರ್ಸಮ್ಮ ತನ್ನಲ್ಲಿದ್ದ ಹನಿ ಔಷಧಿ ಹಾಕಿ, ಕಣ್ಣಿನ ಡಾಕ್ಟರಿಗೆ ಫೋನು ಮಾಡಿದಳು. "ತಡ ಮಾಡೋ ಹಾಗಿಲ್ಲ, ಆಚೆ ದಡಕ್ಕೆ ಕಳಿಸಿ ಅಂತಾರೆ" ಎಂದಳು.

ಕಳಿಸುವುದು ಹೇಗೆ? ಆಗ್ನೇಯ ಗಾಳಿ ಎದ್ದಿತ್ತು. ವಿಮಾನ ಬರಲಿಲ್ಲ. ದೊಡ್ಡ ಹಡಗು ಕಟ್ಟೆಗೆ ಕಟ್ಟಿಕೊಂಡೇ ನಿಂತಿತು. ಅಲ್ವಿನ್ ಗಳಿಗೆಗೊಮ್ಮೆ ಹೊರಗೆ ಹೋಗಿ ನಿಲ್ಲುತ್ತಿದ್ದ. ತಲೆ ಎತ್ತಿ ಆಕಾಶ ನೋಡುವುದೂ ಅವನಿಂದಾಗದು. ಕಾಲ ಬುಡದ ಕೊಚ್ಚೆ ನೀರಿನ ಮೇಲೆ ಗಾಳಿ ಎಬ್ಬಿಸುವ ನಿರಿಗೆ ನೋಡಿ, "ಇಳಿದಿಲ್ಲ" ಎಂದು ಒಳಗೆ ಬರುತ್ತಿದ್ದ. ಪರ್ಸಿ ತನ್ನ ದೋಣಿಯಲ್ಲೇ ಕರೆದೊಯ್ಯುತ್ತೇನೆ ಎಂದು ಹಟ ಹಿಡಿದ. "ಅಣ್ಣ, ಕಣ್ಣು ಹೋದ್ರೂ ಮಗ ಇರ್ತಾನೆ. ನಿನ್ನ ದೋಣಿ ಹತ್ತಿದ್ರೆ ಇಬ್ಬರೂ ಇರಲ್ಲ" ಎಂದು ಡೆಲ್ಮಾ ಬಾಗಿಲಿಗೆ ಅಡ್ಡ ನಿಂತಳು.

ಗಾಳಿ ಇಳಿದ ಮೇಲೆ ತಂಡ ಹತ್ತಿದ ಹಡಗಿನಲ್ಲೇ ತಂದೆ ಮಗ ಇಬ್ಬರೂ ಹೋದರು. ತಂಡ ಆಡಲು ಹೋಯಿತು, ಟೈರೆಲ್ ಆಸ್ಪತ್ರೆಯ ಕತ್ತಲೆ ಕೋಣೆಗೆ ಹೋದ. ಕಣ್ಣು ಉಳಿಯಿತು. ಆದರೆ ಪಾಪೆ ಒಳಗೆ ಅಂಟಿಕೊಂಡು ಸೊಟ್ಟಗಾಗಿತ್ತು, ದೃಷ್ಟಿ ಮೊದಲಿನಂತೆ ಆಗಲಿಲ್ಲ.

ವಸಂತದಲ್ಲಿ ಕೀಲು ರೋಗದ ಡಾಕ್ಟರಮ್ಮ ದ್ವೀಪಕ್ಕೆ ಬಂದಳು. ಟೈರೆಲ್‌ನ ಬೆನ್ನಿನ ಚಿತ್ರ ತೋರಿಸಿ, "ಶುರುವಾಗಿದೆ" ಎಂದಳು. "ಮೈ ಕಾಯಬೇಕಾದ ರಕ್ತವೇ ದಾರಿತಪ್ಪಿ ಮೈಯನ್ನ ತಿನ್ನೋ ಕಾಯಿಲೆ ಇದು. ರಕ್ತದಲ್ಲಿ ಬಿ ಇಪ್ಪತ್ತೇಳು ಅಂತ ಒಂದು ಗುಣ ಇರತ್ತೆ, ಹುಟ್ಟುತ್ತಲೇ ತಂದೆಯಿಂದಲೋ ತಾಯಿಯಿಂದಲೋ ಬರತ್ತೆ."

"ತಂದೆಯಿಂದ," ಎಂದ ಪರ್ಸಿ. ಅಳಿಯನ ವಿಷಯವೆಂದು ಅವನೂ ಬಂದು ಕೂತಿದ್ದ. "ನಮ್ಮ ಕಡೆಯದಲ್ಲ. ಬೇಕಾದ್ರೆ ನನ್ನ ರಕ್ತ ತಗೊಂಡು ನೋಡಿ, ತಾಯೀ. ಈ ನನ್ನ ತಂಗೀದೂ ನೋಡಿ."

"ಔಷಧಿ ಕೊಡೋದಕ್ಕೆ ಅದರ ಅಗತ್ಯ ಇಲ್ಲ."

"ನನಗಿದೆ." ಅಂಗಿಯ ತೋಳು ಮಡಚಿ ಕೈಯನ್ನು ಮೇಜಿನ ಮೇಲಿಟ್ಟೇ ಬಿಟ್ಟ.

ಮುಂದಿನ ಸಲ ಬಂದಾಗ ಡಾಕ್ಟರಮ್ಮ ಫಲಿತಾಂಶ ಹೇಳಿದಳು. ಅಲ್ವಿನ್‌ನಲ್ಲಿ ಇತ್ತು. ಡೆಲ್ಮಾಳಲ್ಲಿ ಇತ್ತು. ಪರ್ಸಿಯಲ್ಲೂ ಇತ್ತು.

"ನನ್ನಲ್ಲಾ?" ಪರ್ಸಿ ತನ್ನ ಬೆನ್ನು ಮುಟ್ಟಿ ನೋಡಿಕೊಂಡ.

"ಈ ದ್ವೀಪದಲ್ಲಿ ಹೆಚ್ಚುಕಡಿಮೆ ಅರ್ಧ ಜನರಲ್ಲಿದೆ. ಬಹಳ ಜನಕ್ಕೆ ಜೀವಮಾನವಿಡೀ ಏನೂ ಆಗಲ್ಲ. ಕೆಲವರಿಗೆ ಆಗತ್ತೆ. ಯಾಕೆ ಅಂತ ಪೂರ್ತಿ ಗೊತ್ತಿಲ್ಲ."

"ಹಾಗಾದ್ರೆ ಇವನಿಗೆ ಬಂದದ್ದು ಯಾರದು?" ಡೆಲ್ಮಾ ಕೇಳಿದಳು.

"ಇವನಿಗೆ ಒಬ್ಬರದು ಮಾತ್ರ ಬಂದಿದೆ. ನಿಮ್ಮದಿರಬಹುದು, ಇವರದಿರಬಹುದು. ಎರಡೂ ಒಂದೇ ಥರ, ಈ ಪರೀಕ್ಷೇಲಿ ಗೊತ್ತಾಗಲ್ಲ."

ಮನೆಗೆ ಬರುವಾಗ ಟ್ರಕ್ಕಿನಲ್ಲಿ ಡೆಲ್ಮಾ, "ಇವನು ಹುಟ್ಟಿದಾಗ್ಲಿಂದ ನಿನ್ನ ಬೆನ್ನು ನೋಡಿ ಹೆದರ್ತಿದ್ದೆ ಅಲ್ವಿನ್. ನನ್ನ ಕಡೆ ತಿರುಗಿ ನೋಡ್ಲೇ ಇಲ್ಲ" ಎಂದು ಬರಿಗೈಯಲ್ಲೇ ಕಣ್ಣು ಒರೆಸಿಕೊಂಡಳು.

ಅಲ್ವಿನ್‌ಗೆ ಎದೆಯ ಭಾರ ಇಳಿಯಬೇಕಿತ್ತು. ಇಳಿಯಲಿಲ್ಲ. ತನ್ನಿಂದಾಯಿತು ಎಂದುಕೊಂಡಿದ್ದಾಗ ಮಗನ ನೋವಿನಲ್ಲಿ ತನಗೊಂದು ಪಾಲಿತ್ತು, ಬೈದುಕೊಳ್ಳುವುದಕ್ಕೆ ತಾನಾದರೂ ಇದ್ದ. ಈಗ ಬೈಯೋಣವೆಂದರೆ ಯಾರೂ ಇಲ್ಲ. ಕೇಡೂ ತನ್ನದೆಂದು ಹೇಳಿಕೊಳ್ಳುವ ಹಾಗಿಲ್ಲ.

ಇಂಜೆಕ್ಷನ್ ಶುರುವಾಯಿತು. ಮೊದಲನೆಯ ಔಷಧಿ ಹಿಡಿಯಲಿಲ್ಲ. ಎರಡನೆಯದು ಹಿಡಿಯುತ್ತದೋ ಇಲ್ಲವೋ ಹೇಳಲು ಬೇಸಿಗೆ ಕಳೆಯಬೇಕು ಎಂದರು. ತಂಡದಲ್ಲಿ ಅವನ ಜಾಗಕ್ಕೆ ಬೇರೊಬ್ಬ ಬಂದ.

ಒಂದು ಬೆಳಗ್ಗೆ ಪರ್ಸಿ ಬಂದು ಅಡುಗೆಮನೆಯಲ್ಲಿ ಅಲ್ವಿನ್, ಡೆಲ್ಮಾ ಜೊತೆ ಕೂತ. ಸಮುದ್ರದ ಮಾತೆತ್ತಲಿಲ್ಲ. ಗೋಡೆಯಾಚೆ ಮಂಚ ಕಿರುಗುಟ್ಟಿತು, ನಿಂತಿತು, ಮತ್ತೆ ಕಿರುಗುಟ್ಟಿತು. ಒಂದು ನರಳಿಕೆ. ಪರ್ಸಿ ಕುರ್ಚಿ ಬಿಟ್ಟು ಏಳಹೋದ. ಅಲ್ವಿನ್ ಅವನ ತೋಳು ಹಿಡಿದ.

"ಹೋಗಬೇಡ ಭಾವ. ಯಾರಾದ್ರೂ ನೋಡ್ತಾ ಇದ್ರೆ ಇನ್ನೂ ಕಷ್ಟ ಆಗತ್ತೆ."

"ಮತ್ತೆ ಏನು ಮಾಡೋದು?"

"ಕಾಫಿ ಕುಡಿ."

ಪರ್ಸಿ ಲೋಟ ಹಿಡಿದುಕೊಂಡು ಕೂತ, ಕುಡಿಯಲಿಲ್ಲ. ಕಾಫಿ ಆರಿದ ಎಷ್ಟೋ ಹೊತ್ತಿನ ಮೇಲೆ ಟೈರೆಲ್ ಗೋಡೆ ಹಿಡಿದು ಹೊರಗೆ ಬಂದ. "ಏನಿದು, ಸಾವಿನ ಮನೇಲಿ ಕೂತ ಹಾಗೆ ಕೂತಿದ್ದೀರಿ?" ಎಂದು ಕರಿದ ರೊಟ್ಟಿಯೊಂದನ್ನು ಕೈಗೆತ್ತಿಕೊಂಡ.

"ಕೂತ್ಕೊಂಡು ತಿನ್ನೋ," ಎಂದ ಪರ್ಸಿ.

"ಕೂತ್ರೆ ಮತ್ತೆ ಏಳ್ಬೇಕಲ್ಲ ಮಾವ."

ಅವನು ನಿಂತೇ ತಿಂದ. ಮೂವರೂ ಅವನು ತಿನ್ನುವುದನ್ನು ನೋಡುತ್ತ ಕೂತಿದ್ದರು.