ಚಾಲಕನ ಜಾಗ

"ಚಾಲಕನ ಎತ್ತರ ಯಾರು ಬದಲಾಯಿಸಿದ್ದು?"

ಅವಳ ದನಿಗೆ ಅಕ್ಕಪಕ್ಕದ ಮೇಜುಗಳಲ್ಲಿ ಕೀಬೋರ್ಡಿನ ಸದ್ದು ನಿಂತಿತು. ವಿಭಾಗದ ಮುಖ್ಯಸ್ಥ ಕನ್ನಡಕ ತೆಗೆದು ಒರೆಸತೊಡಗಿದ.

"ಕೂಗಾಡಬೇಡಮ್ಮ. ನಾನೇ ಬದಲಾಯಿಸ್ದೆ. ಹತ್ತು ಸೆಂಟಿಮೀಟರ್ ಅಷ್ಟೆ. ಈಗ ಎಲ್ಲ ಸರಿಹೋಯ್ತಲ್ಲ, ವರದಿಗೆ ಸಹಿ ಹಾಕು."

ಕ್ವಾರಿಯಲ್ಲಿ ಕಲ್ಲು ಎತ್ತಿ ತುಂಬಲು ಅವಳ ಕಂಪನಿ ತಯಾರಿಸುವ ಲೋಡರ್ ಗಾಡಿ ಮಗುಚಿದರೆ ಅದರ ಕ್ಯಾಬಿನ್ನಿನ ಕಂಬಗಳು ಎಷ್ಟು ಬಾಗುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ಕೆಲಸ. ಉಕ್ಕು ಒಂದು ಮಿತಿಯವರೆಗೆ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಅದನ್ನು ದಾಟಿದರೆ ಬಾಗಿದ್ದು ಬಾಗಿದ ಹಾಗೇ. ಕಂಬ ಬಾಗಿ ಹೊಡೆತ ನುಂಗಬೇಕು, ಆದರೆ ಚಾಲಕ ಕೂರುವ ಜಾಗಕ್ಕೆ ಬರಬಾರದು. ಮೂರು ವಾರದ ಹಿಂದಿನ ಲೆಕ್ಕದಲ್ಲಿ ಬಂದಿತ್ತು. ಪರದೆಯ ಮೇಲೆ ಎಡಗಡೆಯ ಕಂಬ ಮಡಿಚಿಕೊಂಡು ಚಾಲಕನ ತಲೆಯೊಳಕ್ಕೆ ನಾಲ್ಕು ಸೆಂಟಿಮೀಟರ್ ಇಳಿದಿತ್ತು. ಲೆಕ್ಕವನ್ನು ಐದು ಸಲ ತಿರುಗಿ ಮಾಡಿದಳು. ಮುಖ್ಯಸ್ಥನಿಗೆ ಮೂರು ಪತ್ರ ಬರೆದಳು. ಉಕ್ಕು ಮಾತು ಕೇಳಲಿಲ್ಲವೆಂದು ಈಗ ಲೆಕ್ಕದೊಳಗಿನ ಮನುಷ್ಯನನ್ನೇ ಹತ್ತು ಸೆಂಟಿಮೀಟರ್ ಕುಗ್ಗಿಸಿದ್ದರು.

ಅವಳು ಫೋನ್ ತೆಗೆದಳು. "ಅಣ್ಣಾ, ಊಟದ ಹೊತ್ತಿಗೆ ನಮ್ಮ ಆಫೀಸಿಗೆ ಬಾ. ಹೆಲ್ಮೆಟ್ ತಗೊಂಡೇ ಬಾ."

ಅಣ್ಣ ಹದಿನೈದು ವರ್ಷದಿಂದ ಲೋಡರ್ ಓಡಿಸುವವನು. ಆರಡಿ ಎರಡಂಗುಲ, ಕ್ವಾರಿಯಲ್ಲಿ ಎಲ್ಲರೂ ಕರೆಯುವುದು ಏಣಿ ಎಂದೇ. ಶೆಡ್ಡಿನಲ್ಲಿದ್ದ ಮಾದರಿ ಕ್ಯಾಬಿನ್ನಿಗೆ ಅವನನ್ನು ಹತ್ತಿಸಿ, ಹೆಲ್ಮೆಟ್ ಹಾಕಿಸಿ, ಮುಖ್ಯಸ್ಥನನ್ನು ಕರೆಸಿದಳು. ಉಕ್ಕಿನ ಸ್ಕೇಲನ್ನು ಚಾವಣಿಯಿಂದ ಕೆಳಗೆ ಇಳಿಸುತ್ತಾ ಹೋದಳು. ಲೆಕ್ಕದ ಪ್ರಕಾರ ಬಾಗಿದ ಕಂಬ ಬಂದು ನಿಲ್ಲುವ ಮಟ್ಟ ಮುಟ್ಟುವ ಮೊದಲೇ ಅದು ಹೆಲ್ಮೆಟ್ಟಿಗೆ ಟಣ್ಣೆಂದು ಬಡಿಯಿತು.

"ಗಾಡಿ ಮಗುಚಿದ್ರೆ ಕಂಬ ಇದಕ್ಕಿಂತ ಕೆಳಗೆ ಬರುತ್ತೆ, ಇವನನ್ನ ಕುಗ್ಗಿಸಿ ಸರ್. ಎಲ್ಲಿ ಕತ್ತರಿಸ್ತೀರಿ? ಕುತ್ತಿಗೆ ಹತ್ರಾನಾ, ಸೊಂಟದ ಹತ್ರಾನಾ?"

ಅಣ್ಣ ಮೊದಲು ನಕ್ಕುಬಿಟ್ಟ. ಆಮೇಲೆ ಗೇರಿನ ಹಿಡಿ, ಗುಂಡಿಗಳು, ಬಾಗಿಲಿನ ಹಳದಿ ಬಣ್ಣ ಎಲ್ಲವನ್ನೂ ಒಮ್ಮೆ ನೋಡಿದ.

"ಹೋದ ತಿಂಗಳು ನಮ್ಮ ಕ್ವಾರಿಗೆ ಬಂತಲ್ಲ ಹೊಸ ಗಾಡಿ, ಇದೇ ಅಲ್ವೇನೇ?"

"ಹೂಂ. ಲೆಕ್ಕ ಮುಗಿಯೋಕೆ ಮುಂಚೇನೇ ಮಾರಿಬಿಟ್ರು."

"ನಿಂಗೆ ಯಾವಾಗ ಗೊತ್ತಾಯ್ತು?"

ಸ್ಕೇಲು ಹಿಡಿದ ಕೈಯನ್ನು ಅವಳು ಕೆಳಗಿಳಿಸಿದಳು. "ಮೂರು ವಾರ ಆಯ್ತು."

"ಭಾನುವಾರ ನನ್ನೆದುರೇ ಕೂತು ಉಂಡ್ಯಲ್ಲೇ! ಹೊಸ ಗಾಡಿ ಅಂತ ನಾನು ಬಾಯ್ತುಂಬ ಹೊಗಳ್ತಿದ್ದೆ, ನೀನು ತಲೆ ಆಡಿಸ್ತಿದ್ದೆ."

"ಪತ್ರ ಬರೆದಿದ್ದೆ ಅಣ್ಣ, ಸರಿ ಮಾಡಿಸ್ತಾರೆ ಅಂದ್ಕೊಂಡೆ... ಆಫೀಸಿನ ವಿಷಯ ಹೊರಗೆ..."

"ಆಫೀಸಿನ ವಿಷಯ! ನನ್ನ ತಲೆ ಯಾವಾಗಿಂದ ನಿಮ್ಮಾಫೀಸಿನ ಸೊತ್ತಾಯ್ತು?"

ಮುಖ್ಯಸ್ಥ ನಡುವೆ ಬಾಯಿ ಹಾಕಿದ. "ನೋಡಿ ಯಜಮಾನ್ರೇ, ಗಾಡಿ ಮಗುಚೋದೇ ಅಪರೂಪ..."

"ನೀವು ಸುಮ್ನಿರಿ ಸ್ವಾಮಿ. ನೀವು ನಂಗೆ ಯಾರೂ ಅಲ್ಲ."

ಅವನು ಕೆಳಗಿಳಿದು, ತಂಗಿಯ ಮುಖ ನೋಡದೆ ಗೇಟು ದಾಟಿ ಹೋದ.

ಅವಳಿಗೆ ಮೈಯೆಲ್ಲ ಉರಿಯಿತು. ಮುಖ್ಯಸ್ಥನ ಮೇಲೋ ತನ್ನ ಮೇಲೋ ಎಂದು ವಿಂಗಡಿಸುವಷ್ಟು ತಾಳ್ಮೆ ಇರಲಿಲ್ಲ. ಮೇಜಿಗೆ ಬಂದವಳೇ ಮೊದಲಿನ ಲೆಕ್ಕವನ್ನು, ಆ ಮಡಿಚಿದ ಕಂಬದ ಚಿತ್ರದ ಸಮೇತ, ಲೋಡರ್ ಕೊಂಡ ಐದೂ ಕ್ವಾರಿಗಳಿಗೆ, ಸರ್ಕಾರದ ಗಣಿ ಸುರಕ್ಷತೆಯ ಇನ್ಸ್‌ಪೆಕ್ಟರಿಗೆ ಕಳಿಸಿದಳು. ಕೆಳಗೆ ತನ್ನ ಹೆಸರು, ಫೋನ್ ನಂಬರು ಹಾಕಿದಳು.

"ಕೆಲಸ ಹೋಗುತ್ತೆ ನಿಂದು," ಎಂದ ಮುಖ್ಯಸ್ಥ, ಬೆನ್ನ ಹಿಂದೆ ನಿಂತು.

"ಹೋಗ್ಲಿ."

ಸಂಜೆಯೊಳಗೆ ಅವಳ ಗುರುತಿನ ಕಾರ್ಡನ್ನು ಕಿತ್ತುಕೊಂಡರು. ಅಣ್ಣನಿಗೆ ನಾಲ್ಕು ಸಲ ಫೋನ್ ಮಾಡಿದಳು, ಅವನು ಎತ್ತಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೇ ಕ್ವಾರಿಗೆ ಹೋದಳು. ಯಂತ್ರಗಳ ಸದ್ದಿರಲಿಲ್ಲ. ಹೊಸ ಗಾಡಿ ಹತ್ತುವುದಿಲ್ಲವೆಂದು ಚಾಲಕರೆಲ್ಲ ಕೆಲಸ ನಿಲ್ಲಿಸಿ ಬಂಡೆಗಳ ಮೇಲೆ ಕೂತಿದ್ದರು. ಮೇಸ್ತ್ರಿ ದೂರದಲ್ಲಿ ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದ. ಹೊಸ ಹಳದಿ ಲೋಡರ್ ಇಳಿಜಾರಿನಲ್ಲಿ ನಿಂತಿತ್ತು. ಅಣ್ಣ ಬಗ್ಗಿ, ಅದು ಉರುಳದಂತೆ ಮುಂದಿನ ಚಕ್ರಕ್ಕೆ ಕಲ್ಲು ಒತ್ತುಕೊಡುತ್ತಿದ್ದ. ಅವಳು ಬಂದದ್ದು ಕಂಡರೂ ತಲೆ ಎತ್ತಲಿಲ್ಲ.

ಅವಳು ಬ್ಯಾಗನ್ನು ನೆಲಕ್ಕಿಟ್ಟು, ಒಂದು ದಪ್ಪ ಕಲ್ಲನ್ನು ಎರಡೂ ಕೈಯಲ್ಲಿ ಉರುಳಿಸಿಕೊಂಡು ಹಿಂದಿನ ಚಕ್ರದ ಕಡೆಗೆ ಹೋದಳು.