ದುಃಖದ ಹಾಡಿನ ನಡುವೆ ನಗು

ಭಾನುವಾರ ಮಧ್ಯಾಹ್ನ, ಜರ್ಮನಿಯ ಹಾಲೆ ಊರಿನ ಒಂದು ಹಿತ್ತಲಂಗಳದಲ್ಲಿ ನಲವತ್ತು ಜನ ದಿಂಬು ಹಾಕಿಕೊಂಡು ಅಳಲು ಸಿದ್ಧರಾಗಿ ಕೂತಿದ್ದರು. ಹಾಡಬೇಕಾದ ಗೆಜೀನೆಗೆ ಮಾತ್ರ ನಗು ತಡೆಯಲಾಗುತ್ತಿರಲಿಲ್ಲ.

ವಾರವೆಲ್ಲ ಟ್ರಾಮ್ ಓಡಿಸುವ ಗೆಜೀನೆ ತಿಂಗಳಿಗೊಮ್ಮೆ ಗಿಟಾರ್ ಹಿಡಿದು ತಾನೇ ಕಟ್ಟಿದ ಹಾಡು ಹಾಡುತ್ತಾಳೆ. ಮಂಜು, ಖಾಲಿ ರೈಲು ನಿಲ್ದಾಣ, ಬಾರದ ಕಾಗದ. ಹನ್ನೊಂದು ವರ್ಷದಿಂದ ಇದೇ. ಅದನ್ನು ಕೇಳಿಯೇ ಸೈಕಲ್ ರಿಪೇರಿಯ ಓಟ್ಮಾರ್ ಮನಸೋತದ್ದು. ಮೂರು ವಾರದ ಹಿಂದೆ ಬಾಯಿಬಿಟ್ಟು ಹೇಳಿಯೂ ಬಿಟ್ಟ. ಅವತ್ತಿನಿಂದ ಅವಳ ಕಾಲು ನೆಲದ ಮೇಲಿಲ್ಲ. ಟ್ರಾಮಿನಲ್ಲಿ ನಿಲ್ದಾಣದ ಹೆಸರನ್ನೂ ರಾಗವಾಗಿ ಕೂಗುತ್ತಾಳೆ. ಆದರೆ ಒಂದು ಭಯ: ಅವನು ಮೆಚ್ಚಿದ್ದು ಅಳುವ ಗೆಜೀನೆಯನ್ನು. ಈ ನಗುವವಳನ್ನು ಕಂಡು ಎದ್ದು ಹೋದರೆ?

"ನವೆಂಬರ್ ಹಾಡು ತಾನೆ?" ಮುಂದಿನ ಸಾಲಿನಿಂದ ಓಟ್ಮಾರ್ ಕೇಳಿದ. ತೊಡೆಯ ಮೇಲೆ ಪ್ಲಮ್ ಕೇಕಿನ ತಟ್ಟೆ, ಅದರ ಸುತ್ತ ಗುಂಯ್‌ಗುಡುವ ಒಂದು ಕಣಜದ ಹುಳ.

ಮೊದಲ ಚರಣ ಹೇಗೋ ದಾಟಿತು. 'ಖಾಲಿ ಕುರ್ಚಿಗೆ ಕಾಫಿ ಬಗ್ಗಿಸಿದೆ' ಎನ್ನುವ ಹೊತ್ತಿಗೆ ಕಣಜ ಬಂದು ಓಟ್ಮಾರನ ಮೂಗಿನ ಮೇಲೆ ಕೂತಿತು. ದುಃಖ ಕೆಡಬಾರದೆಂದು ಆ ಪುಣ್ಯಾತ್ಮ ಅಲುಗಾಡಲಿಲ್ಲ. ಎರಡೂ ಕಣ್ಣುಗುಡ್ಡೆಗಳನ್ನು ಮೂಗಿನತ್ತ ತಿರುಗಿಸಿ ಹಾಗೇ ಕೂತ. ಗೆಜೀನೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಂಗಳದವರೆಲ್ಲ ಕತ್ತು ಚಾಚಿ ನೋಡಿದರು.

"ಏನಾಯ್ತೇ ನಿಂಗೆ?" ಎಂದಳು ಪಕ್ಕದ ಮನೆಯ ಹೆಡ್ವಿಗ್ ಅಜ್ಜಿ. "ಮೂರು ಕರವಸ್ತ್ರ ಇಸ್ತ್ರಿ ಮಾಡ್ಕೊಂಡು ಬಂದಿದೀನಿ. ಒಣಗಿದ್ದನ್ನೇ ವಾಪಸ್ ಒಯ್ಲಾ?"

"ಆಗ್ತಿಲ್ಲ ಅಜ್ಜಿ. ನಾನು... ಖುಷಿಯಾಗಿದೀನಿ." ಕಳ್ಳತನ ಒಪ್ಪಿಕೊಂಡವಳ ದನಿ.

"ಖುಷಿಯಾಗಿದ್ರೆ ಏನೀಗ? ನೀನು ಬಾರಿಸು ಸಾಕು. ಹಾಡು ನಮಗೆ ಬರಲ್ವಾ?"

ಅಜ್ಜಿ ಹಾಡು ಎತ್ತಿಕೊಂಡಳು, ನಲವತ್ತು ಗಂಟಲು ಸೇರಿದವು. ತಾನು ಕಟ್ಟಿದ ದುಃಖವನ್ನು ಗೆಜೀನೆ ಮೊದಲ ಸಲ ಕೇಳುವವಳಾಗಿ ಕೇಳಿದಳು. ಎಲ್ಲರ ಕೆನ್ನೆಯೂ ಒದ್ದೆ, ಎಲ್ಲರ ಮುಖದಲ್ಲೂ ಬಿಸಿನೀರಿಗಿಳಿದವರ ಹಾಯಿ. ಅಯ್ಯೋ, ಇಷ್ಟು ವರ್ಷ ಇವರೆಲ್ಲ ಅಳುತ್ತ ಇಷ್ಟೊಂದು ಸುಖಪಡುತ್ತಿದ್ದರೇ! ಓಟ್ಮಾರ್ ಅಂತೂ ಎಲ್ಲರಿಗಿಂತ ಜೋರಾಗಿ, ಶ್ರುತಿಯ ಹಂಗಿಲ್ಲದೆ ಹಾಡುತ್ತಿದ್ದ.

ಹಾಡು ಮುಗಿದಾಗ ಅವನು ಹತ್ತಿರ ಬಂದ.

"ನಾನು ನಕ್ಕಿದ್ದಕ್ಕೆ ಬೇಜಾರಾಯ್ತಾ?" ಗೆಜೀನೆ ಕೇಳಿದಳು.

"ಬೇಜಾರಾ? ಹುಚ್ಚಿ! ನಿನ್ನ ಹಾಡು ಕೇಳಿ ಅತ್ತು ಮನೆಗೆ ಹೋದ್ಮೇಲೆ ಪ್ರತಿ ಸಲ ಅಡುಗೆಮನೇಲಿ ಕುಣೀತಿದ್ದೆ. ಒಬ್ಬನೇ ಕುಣಿದೂ ಕುಣಿದೂ ಸಾಕಾಗಿದೆ."

"ಪ್ರೀತಿ ಗೀತಿ ಆಮೇಲೆ ಇಟ್ಕೊಳ್ಳಿ!" ಅಜ್ಜಿ ಕೂಗಿದಳು. "ಇನ್ನೊಂದು ಹಾಡಾಗ್ಲಿ. ಇದಕ್ಕಿಂತ ದುಃಖದ್ದು!"

ಅಂಗಳಕ್ಕೆ ಅಂಗಳವೇ ಹೌದು ಹೌದೆಂದು ಕಾಲು ಬಡಿಯಿತು.